ಮನೆಯೊಳಗಿನ ಮಾತು

ಆಪರೇಶನ್ ಕೋಣೆಯಲ್ಲಿ ರಕ್ತ ಹೀರುವ ಮಶೀನು ನಿಂತಾಗಲೆಲ್ಲ ಡಾಕ್ಟರ್ ಪುಷ್ಪಾವತಿಗೆ ಒಂದು ಗುನುಗು ಕೇಳುತ್ತಿತ್ತು. ಗಂಡಸಿನ ದನಿ. ಯಾವುದೋ ಹಾಡಿನ ಎರಡು ಸಾಲಿನಷ್ಟು ಸಾಗಿ, ಯಾರೋ ಬಾಯಿಗೆ ಕೈ ಅಡ್ಡ ಇಟ್ಟಂತೆ ಅರ್ಧಕ್ಕೆ ನಿಂತುಬಿಡುತ್ತಿತ್ತು. ಮೊದಮೊದಲು ಅವಳು ತಲೆಯೆತ್ತಿ "ಯಾರದು?" ಎಂದು ಕೇಳುತ್ತಿದ್ದಳು. "ಯಾರೂ ಇಲ್ರಿ ಮೇಡಂ" ಎಂದು ನರ್ಸ್ ಅಂಜಲಿ ಹೇಳುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಮಶೀನು ಮಾತ್ರ ನಿಲ್ಲಿಸಬಾರದು ಎಂದು ಹೇಳಿಟ್ಟಳು. ಹೀರಲು ಏನೂ ಇಲ್ಲದಿದ್ದರೂ ಅದು ಬುಸುಗುಡುತ್ತಲೇ ಇರಬೇಕು. ರಾಣೇಬೆನ್ನೂರಿನ ಆ ಆಸ್ಪತ್ರೆ ಅವಳದೇ ಆಗಿದ್ದರಿಂದ ಕಾರಣ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅವಳು ಮೋಟೆಬೆನ್ನೂರಿನ ಹುಡುಗಿ. ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿ, ಬೆಂಗಳೂರಿನಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆ ಕಲಿತವಳು. ಸಂದರ್ಶನದಲ್ಲಿ ಒಬ್ಬ ಪ್ರೊಫೆಸರ್, "ಇದಕ್ಕೆ ದಿನವಿಡೀ ನಿಲ್ಲಬೇಕಾಗುತ್ತಮ್ಮಾ, ಹೆಂಗಸರಿಗೆ ಕಷ್ಟ" ಎಂದಿದ್ದರು. "ಶೇಂಗಾ ಕೀಳುವಾಗ ನಮ್ಮವ್ವ ದಿನವಿಡೀ ಬಗ್ಗಿರ್ತಾಳೆ ಸರ್, ಇದರಲ್ಲಿ ಬರೀ ನಿಲ್ಲೋದಷ್ಟೇ ಅಲ್ವಾ?" ಎಂದು ಅವಳು ಕೇಳಿದ್ದಳು. ಸೀಟು ಸಿಕ್ಕಿತು. ಕಲಿತದ್ದಾದ ಮೇಲೆ ದೊಡ್ಡ ಆಸ್ಪತ್ರೆಗಳನ್ನು ಬಿಟ್ಟು ರಾಣೇಬೆನ್ನೂರಿಗೆ ಬಂದಳು. ಅಲ್ಲಿಯವರೆಗೆ ಹೆದ್ದಾರಿಯಲ್ಲಿ ತಲೆಗೆ ಪೆಟ್ಟಾದವರನ್ನು ಹುಬ್ಬಳ್ಳಿಗೋ ದಾವಣಗೆರೆಗೋ ಒಯ್ಯುತ್ತಿದ್ದರು. ಎಷ್ಟೋ ಜನ ದಾರಿಯಲ್ಲೇ ಮುಗಿದುಹೋಗುತ್ತಿದ್ದರು. ಮೊದಲ ವರ್ಷ ಅವಳ ಹತ್ತಿರ ಕರೆಂಟಿನ ಡ್ರಿಲ್ಲೂ ಇರಲಿಲ್ಲ. ಕೈಯಿಂದ ತಿರುಗಿಸುವ ಬೈರಿಗೆಯಲ್ಲಿ ಬುರುಡೆಗೆ ತೂತು ಹಾಕಿ, ಒಳಗೆ ಹೆಪ್ಪುಗಟ್ಟಿದ ರಕ್ತ ತೆಗೆದು ಜನರನ್ನು ಉಳಿಸಿದಳು. ಬಾಗಿಲ ಸಂದಿಯಿಂದ ಇಣುಕಿದ್ದ ಒಬ್ಬ ಮುದುಕ ಹೊರಗೆ ಬಂದು, "ಎಲ್ಲಾ ಬಡಿಗ್ಯಾರ ಕೆಲಸ ಐತೋ, ಬರೇ ಕಟಗಿ ಬ್ಯಾರೆ" ಎಂದು ಸುದ್ದಿ ಹೇಳಿದ್ದ. ಸುತ್ತಲಿನ ಹಳ್ಳಿಗಳಲ್ಲಿ ಅವಳಿಗೆ ತಲಿ ಬಾಯಾರು, ಅಂದರೆ ತಲೆಯ ಡಾಕ್ಟರಮ್ಮ, ಎಂದು ಹೆಸರು ಬಿತ್ತು.

ಅವಳಿಗೊಂದು ಹಟವಿತ್ತು. ಗಡ್ಡೆ ತೆಗೆದರೆ ಪೂರ್ತಿ ತೆಗೆಯಬೇಕು, ಅಂಚಿನಲ್ಲಿ ಒಂದು ಚೂರೂ ಉಳಿಯಬಾರದು. ಈ ಹಟವೇ ಅವಳನ್ನು ಆ ಭಾಗದಲ್ಲಿ ಯಾರೂ ಮಾಡದ ಕೆಲಸಕ್ಕೆ ಇಳಿಸಿತು. ರೋಗಿಯನ್ನು ಎಚ್ಚರವಾಗಿಟ್ಟು, ಮಾತಾಡಿಸುತ್ತ ಮಿದುಳು ಕೊಯ್ಯುವುದು. ಮಿದುಳಿಗೆ ಒಂದು ಸಣ್ಣ ಕಡ್ಡಿಯಿಂದ ತುಸು ಕರೆಂಟು ಮುಟ್ಟಿಸಿದಾಗ ಮಾತು ತೊದಲಿದರೆ ಅದು ಮಾತಿನ ಜಾಗ, ಅಲ್ಲಿ ಕೈಹಾಕುವಂತಿಲ್ಲ. ತೊದಲದಿದ್ದರೆ ಕೊಯ್ಯಬಹುದು.

ಹಾಗೆ ಎಚ್ಚರವಾಗಿಟ್ಟು ಕೊಯ್ದ ಮೊದಲ ರೋಗಿ ಮಲಂಗಸಾಬ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಅವನದೊಂದು ದಲಾಲಿ ಅಂಗಡಿ. ಗಿರಾಕಿಯೊಡನೆ ಮಾತಾಡುತ್ತಿದ್ದಾಗಲೇ ಫಿಟ್ಸ್ ಬಂದು ಚೀಲಗಳ ಮೇಲೆ ಬಿದ್ದಿದ್ದ. ಎಡ ಮಿದುಳಿನಲ್ಲಿ ಗಡ್ಡೆ ಇತ್ತು. ಆಪರೇಶನ್ ಹೇಗೆಂದು ವಿವರಿಸಿದಾಗ ಅವನು ಕಣ್ಣರಳಿಸಿದ.

"ತಲಿ ತಗದಿಟ್ಟು ಮಾತಾಡು ಅಂತೀರಿ?"

"ಮಿದುಳಿಗೆ ನೋವು ಗೊತ್ತಾಗಂಗಿಲ್ಲ ಮಲಂಗಸಾಬರ."

"ಹಂಗಾರ ನಮ್ಮ ಖರೀದಿದಾರರ ಮೈಯೆಲ್ಲಾ ಮಿದುಳೇ ಇರಬೇಕ ಬಿಡ್ರಿ. ಏನ್ ಬೈದರೂ ನೋವಾಗಂಗಿಲ್ಲ ಅವರಿಗೆ."

ಆದರೆ ಟೇಬಲ್ಲಿನ ಮೇಲೆ ಬುರುಡೆ ತೆರೆದು ಎಚ್ಚರಿಸಿದಾಗ ಅವನಿಗೆ ಹೆದರಿಕೆ ಹತ್ತಿತು. ಸಣ್ಣ ದನಿಯಲ್ಲಿ ಏನೋ ಗುನುಗತೊಡಗಿದ. ನಡುನಡುವೆ ಉರ್ದುವಿನಲ್ಲಿ ತನಗೆ ತಾನೇ ಏನೋ ಹೇಳಿಕೊಂಡ. ಪುಷ್ಪಾವತಿಗೆ ಉರ್ದು ಬರುತ್ತಿರಲಿಲ್ಲ. ಮಾತು ಎಲ್ಲಿ ತಪ್ಪಿತೆಂದು ಅವಳಿಗೆ ತಿಳಿಯಲೇಬೇಕಿತ್ತು.

"ಮಲಂಗಸಾಬರ, ಕನ್ನಡದಾಗ ಮಾತಾಡ್ರಿ. ನನಗ ತಿಳೀಬೇಕಲ್ಲ."

ಗುನುಗು ಅರ್ಧಕ್ಕೆ ನಿಂತಿತು. "ಹಾಂ ಹಾಂ, ತಪ್ಪಾತ್ರಿ ಬಾಯಾರ" ಎಂದ ಅವನು. ತಲೆ ತೆರೆದು ಮಲಗಿದ್ದವನು ಕ್ಷಮೆ ಕೇಳಿದ. ಆಮೇಲೆ ಉದ್ದಕ್ಕೂ ಕನ್ನಡ. ಡಬ್ಬಿ ಮೆಣಸಿನಕಾಯಿಗೂ ಕಡ್ಡಿ ಮೆಣಸಿನಕಾಯಿಗೂ ಏನು ಫರಕು, ಯಾವುದು ಬಣ್ಣಕ್ಕೆ, ಯಾವುದು ಖಾರಕ್ಕೆ, ಗುಂಟೂರು ಮಾಲು ಬೆರೆಸುವವರು ಯಾರು ಯಾರು. ಕನ್ನಡ ತೊದಲಿದಲ್ಲಿ ಅವಳು ಬಿಟ್ಟಳು. ಕನ್ನಡ ಸರಾಗವಾಗಿ ಹರಿದಲ್ಲಿ ಕೊಯ್ದಳು. ಗಡ್ಡೆ ಪೂರ್ತಿ ಬಂತು. ತಲೆ ತೆರೆದಿಟ್ಟು ಮೆಣಸಿನಕಾಯಿ ದರ ಹೇಳಿದ ದಲಾಲನೆಂದು ಪೇಪರಿನಲ್ಲಿ ಅವನ ಫೋಟೋ, ಪಕ್ಕದಲ್ಲಿ ಅವಳದು.

ಕೆಲವು ತಿಂಗಳ ನಂತರ ಹಾವೇರಿಯಲ್ಲಿ ಒಂದು ಸಂಘದವರು ಅವಳಿಗೆ ಸನ್ಮಾನ ಇಟ್ಟುಕೊಂಡರು. ಮಲಂಗಸಾಬನನ್ನೂ ವೇದಿಕೆಗೆ ಹತ್ತಿಸಿದರು. ಅವನು ಅಚ್ಚುಕಟ್ಟಾಗಿ ನಾಲ್ಕು ಮಾತಾಡಿ ಚಪ್ಪಾಳೆ ಗಿಟ್ಟಿಸಿದ. ಕಾರ್ಯಕ್ರಮ ಮುಗಿದು ಉಪ್ಪಿಟ್ಟಿನ ಸಾಲಿನಲ್ಲಿ ನಿಂತಿದ್ದಾಗ ಅವನ ಹೆಂಡತಿ ಬಿಸ್ಮಿಲ್ಲಾಬಿ ಪುಷ್ಪಾವತಿಯ ಹತ್ತಿರ ಬಂದಳು.

"ಬಾಯಾರ, ಇವರು ಮನ್ಯಾಗ ಮಾತಾಡಂಗಿಲ್ರಿ."

"ಈಗ ಇಷ್ಟು ಛಲೋ ಮಾತಾಡಿದರಲ್ಲ?"

"ಅದು ಪ್ಯಾಟಿ ಮಾತು ಬಿಡ್ರಿ. ನಮ್ಮ ಮನಿ ಮಾತು ಇಲ್ಲ. ಉರ್ದು ಒಂದ್ ಅಕ್ಷರ ಬಾಯಾಗ ಬರವಲ್ದು. ನಾ ಅಂದದ್ದು ಎಲ್ಲಾ ತಿಳೀತೈತಿ, ತಿರುಗಿ ಕನ್ನಡದಾಗ ಹೇಳ್ತಾರ. ಅದೂ ಹೆಂಗ? ಬರ್ರಿ, ಕುಂದ್ರಿ, ಏನ್ ಬೇಕ್ರಿ ಅಂತ. ಗಿರಾಕಿ ಜೋಡಿ ಮಾತಾಡಿದಂಗ. ನನ್ನ ಜೋಡಿ ಎಂದೂ ಕನ್ನಡ ಆಡಿದವರಲ್ಲ ಅವರು. ಅದಕ್ಕ ಹೆಂಡ್ತಿ ಜೋಡಿ ಹೆಂಗ ಆಡೂದಂತ ಗೊತ್ತಿಲ್ಲ." ಅವಳು ದನಿ ತಗ್ಗಿಸಿದಳು. "ಮನ್ಯಾಗ ಯಾರೋ ಬ್ಯಾರೆ ಗಂಡಸು ಬಂದು ಕುಂತಂಗ ಆಗೇತಿ ನನಗ. ನಡು ಮನ್ಯಾಗ ಸೆರಗು ಹೊದ್ಕೊಂಡ ಅಡ್ಡಾಡ್ತೇನಿ."

ಪುಷ್ಪಾವತಿಯ ಕೈಯಲ್ಲಿದ್ದ ಉಪ್ಪಿಟ್ಟು ತಣ್ಣಗಾಯಿತು. ಎರಡು ಭಾಷೆ ಆಡುವವರ ಮಿದುಳಿನಲ್ಲಿ ಎರಡಕ್ಕೂ ಬೇರೆ ಬೇರೆ ಜಾಗ ಇರಬಹುದೆಂಬುದನ್ನು ಅವಳು ಓದಿದ್ದಳು. ಓದಿದ್ದಷ್ಟೇ. ಟೇಬಲ್ಲಿನ ಹತ್ತಿರ ಅದು ನೆನಪಾಗಿರಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಅರಿವಳಿಕೆ ಡಾಕ್ಟರ್ ಅಶ್ಫಾಕ ಇದ್ದ. ಹಾವೇರಿಯವನೇ, ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಆಪರೇಶನ್ನಿನ ಉದ್ದಕ್ಕೂ ಮಲಂಗಸಾಬನ ಮುಖದ ಹತ್ತಿರ ಕೂತಿದ್ದವನು ಅವನೇ.

"ನಿನಗ ಉರ್ದು ಬರತೈತಲ್ಲೋ. ಯಾಕ ಬಾಯಿ ಬಿಡಲಿಲ್ಲ ನೀ?"

ಅಶ್ಫಾಕ ಹೊರಗಿನ ಲಾರಿಗಳನ್ನು ನೋಡುತ್ತ ಹೇಳಿದ. "ನೀವು ಕನ್ನಡದಾಗ ಅಂದ್ರಿ ಮೇಡಂ. ಕನ್ನಡದವರು ಒಬ್ಬರು ಕುಂತಿದ್ದರೂ ಅವರ ಮುಂದ ನಾವು ನಾವು ಉರ್ದು ಆಡಬಾರದು, ಅದು ಸಭ್ಯ ಅಲ್ಲ ಅಂತ ನಮ್ಮಪ್ಪ ಕಲಿಸ್ಯಾನ. ಮಲಂಗಸಾಬಗೂ ಅವರಪ್ಪ ಅದನ್ನ ಕಲಿಸಿರ್ತಾನ. ನೀವು ಅಂದಿದ್ದು ನನಗ ತಪ್ಪು ಅನ್ಸಲೇ ಇಲ್ರಿ. ಅವಾ ತಪ್ಪಾತು ಅಂದಾಗ, ಛಲೋ ಮನಿತನದಾಂವ ಅಂದುಕೊಂಡೆ."



ಗುನುಗು ಶುರುವಾದದ್ದು ಆ ವಾರವೇ. ಮಾತಾಡಿಸುತ್ತ ಕೊಯ್ಯುವ ಆಪರೇಶನ್ನುಗಳನ್ನು ಪುಷ್ಪಾವತಿ ನಿಲ್ಲಿಸಿಬಿಟ್ಟಳು. ಅಂಥ ರೋಗಿ ಬಂದರೆ ಬೆಂಗಳೂರಿಗೆ ಹೋಗಿರೆಂದು ಚೀಟಿ ಬರೆದಳು. ಅಶ್ಫಾಕನಿಂದ ಉರ್ದು ಕಲಿತಳು, ಯಾರೋ ವಿಧಿಸಿದ ದಂಡ ಕಟ್ಟುವವಳ ಹಾಗೆ. ಕಲಿತಷ್ಟೂ ಆ ಗುನುಗಿನ ಶಬ್ದಗಳು ತಿಳಿದಾವೆಂದು ಕಾದಳು. ತಿಳಿಯಲಿಲ್ಲ. ಆ ದಿನ ಅವಳ ಕಿವಿ ಅದನ್ನು ಬರೀ ಸದ್ದೆಂದು ಕೇಳಿತ್ತು. ಸದ್ದಾಗಿಯೇ ಉಳಿದಿತ್ತು.

ಆರು ವರ್ಷ ಕಳೆದ ಮೇಲೆ ಮಲಂಗಸಾಬನಿಗೆ ಮತ್ತೆ ಫಿಟ್ಸ್ ಬಂತು. ಗಡ್ಡೆ ಹಳೆಯ ಅಂಚಿನಿಂದಲೇ ಹಿಂದಕ್ಕೆ ಬೆಳೆದಿತ್ತು. ಗಂಡ ಹೆಂಡತಿ ಇಬ್ಬರೂ ಬಂದು ಅವಳ ಎದುರು ಕೂತರು. ಪುಷ್ಪಾವತಿ ಚೀಟಿ ಬರೆಯಲು ಪೆನ್ನು ತೆಗೆದಳು.

"ಬೆಂಗಳೂರಿಗೆ ಹೋಗ್ರಿ. ಅಲ್ಲಿ ನನಗಿಂತ ಛಲೋ ಮಾಡೋರು ಅದಾರ."

"ಕಳದವರೇ ಹುಡುಕಿ ಕೊಡಬೇಕ್ರಿ ಬಾಯಾರ" ಎಂದಳು ಬಿಸ್ಮಿಲ್ಲಾಬಿ. "ಬೆಂಗಳೂರಿನವರಿಗೆ ಏನ್ ಗೊತ್ತು ನಮ್ಮದೇನು ಕಳದೈತಿ ಅಂತ? ನೀವೇ ಮಾಡ್ರಿ. ಈ ಸಲ ನಾ ಒಳಗ ಇರತೇನಿ, ಇವರ ಬಾಜೂಕ. ಉರ್ದು ಆಡಾಕ."

"ಅದು ಹೋಗೇತಿ ಬಿಸ್ಮಿಲ್ಲಾಬಿ. ಇಲ್ಲದ್ದನ್ನ ಹೆಂಗ ಹುಡುಕೂದು?"

"ನೀವು ನೋಡೀರೇನು ಹೋಗಿದ್ದು?"

ಮಲಂಗಸಾಬ ಇಬ್ಬರ ಮುಖವನ್ನೂ ನೋಡಿ ನಕ್ಕ. "ಇವರು ಆರು ವರ್ಷದಿಂದ ನನ್ನ ಜೋಡಿ ಒಂದ್ ಕನ್ನಡ ಮಾತು ಆಡಿಲ್ರಿ ಬಾಯಾರ. ಉರ್ದು ಹಾಕಿ ಹಾಕಿ ಒಂದಿನ ನನ್ನ ಬಾಯಿಂದ ಹೊರಗ ಬಂದೀತು ಅಂತ. ಬಾವಿಗೆ ಗಾಳ ಬಿಟ್ಟು ಕುಂತಾರ. ಒಪ್ಪಿಬಿಡ್ರಿ. ಇಲ್ಲಂದ್ರ ಇಲ್ಲೇ ಕುಂದ್ರತಾರ."

ಪುಷ್ಪಾವತಿ ಒಪ್ಪಿದಳು. ಒಪ್ಪಿದ್ದಕ್ಕೆ ಅವರ ಹಟವಷ್ಟೇ ಕಾರಣವಲ್ಲವೆಂದು ಅವಳಿಗೆ ಗೊತ್ತಿತ್ತು. ತಾನು ಕೊಯ್ದು ಬಿಸಾಕಿದ್ದು ಇನ್ನೂ ಅಲ್ಲಿ ಎಲ್ಲಾದರೂ ಇದ್ದೀತೆಂಬ ಆಸೆ ಅವಳಿಗೂ ಹುಟ್ಟಿತ್ತು.

ಆಪರೇಶನ್ನಿನ ದಿನ ಬಿಸ್ಮಿಲ್ಲಾಬಿ ಹಸಿರು ಗೌನು ತೊಟ್ಟು, ಟೋಪಿ ಹಾಕಿಕೊಂಡು ಗಂಡನ ಮುಖದ ಬಳಿ ಸ್ಟೂಲಿನ ಮೇಲೆ ಕೂತಳು. ಅವಳ ಮತ್ತು ತೆರೆದ ಬುರುಡೆಯ ನಡುವೆ ಒಂದು ಬಟ್ಟೆಯ ಪರದೆ. ಆಚೆ ಪುಷ್ಪಾವತಿ. ಮಲಂಗಸಾಬನಿಗೆ ಎಚ್ಚರವಾಯಿತು. ಬಿಸ್ಮಿಲ್ಲಾಬಿ ಮನೆಯ ಮಾತು ಶುರುಮಾಡಿದಳು, ಉರ್ದುವಿನಲ್ಲಿ. ಮಗಳು ಫೋನು ಮಾಡಿದ್ದಳು, ಮಾಳಿಗೆ ಮೇಲೆ ಹಪ್ಪಳ ಒಣಹಾಕಿ ಬಂದಿದ್ದೇನೆ, ಕಾಗೆ ತಿಂದವೋ ಏನೋ. ಅವನು ಎಲ್ಲಕ್ಕೂ ಕನ್ನಡದಲ್ಲಿ ಉತ್ತರ ಕೊಟ್ಟ. "ಹಪ್ಪಳಾ ಹಾಳಾಗ್ಲಿ ಬಿಡ್ರಿ, ಮತ್ತ ಮಾಡಿದ್ರಾತು." ಹೊರಗಿನವರು ಕೇಳಿದ್ದರೆ ಇಬ್ಬರು ಬೇರೆ ಬೇರೆ ಫೋನಿನಲ್ಲಿ ಮಾತಾಡುತ್ತಿದ್ದಾರೆ ಅನ್ನುತ್ತಿದ್ದರು.

ಪುಷ್ಪಾವತಿ ಕಡ್ಡಿಯಿಂದ ಒಂದೊಂದೇ ಜಾಗ ಮುಟ್ಟುತ್ತ ಹೋದಳು. ಒಂದೆರಡು ಕಡೆ ಕನ್ನಡ ತೊದಲಿತು. ಅಲ್ಲಿ ಅಂಜಲಿ ಗುರುತಿನ ಚೂರು ಕಾಗದ ಇಟ್ಟಳು. ಮುಂಭಾಗದ ಗಡ್ಡೆಯನ್ನು ತೆಗೆದು, ಆಮೇಲೆ ಹಿಂಬದಿಯ ಅಂಚಿಗೆ ಬಂದಳು. ಮುಟ್ಟಿದಳು.

"ಕಿವಾಡ್ ಲಗಾ ಗೇ" ಎಂದ ಮಲಂಗಸಾಬ. "ಬಿಲ್ಲಿ ಆತೀ."

ಕದ ಹಾಕೇ, ಬೆಕ್ಕು ಬರ್ತೈತಿ. ಪುಷ್ಪಾವತಿಗೆ ಅರ್ಥವಾಯಿತು. ದನಿಯೂ ಬೇರೆಯಾಗಿತ್ತು. ಪೇಟೆಯ ಎತ್ತರ ಅದರಲ್ಲಿರಲಿಲ್ಲ. ನಿದ್ದೆಗಣ್ಣಿನವನ ತಗ್ಗು ದನಿ, ಮಗ್ಗುಲಲ್ಲಿ ಮಲಗಿದವಳಿಗೆ ಮಾತ್ರ ಕೇಳುವಂಥದು. ಅಶ್ಫಾಕ ಹಿಡಿದಿದ್ದ ಸಿರಿಂಜು ಹಾಗೇ ನಿಂತಿತು.

ಬಿಸ್ಮಿಲ್ಲಾಬಿ ಕಿರುಚಲಿಲ್ಲ. ದಿನಾ ಹೇಳುವ ಹಾಗೆಯೇ, "ಲಗಾಯೀ ಜೀ" ಎಂದಳು. ಹಾಕಿದೆ.

ಪುಷ್ಪಾವತಿ ಕಡ್ಡಿ ಎತ್ತಿದಳು.

"ಏನ್ ಹಾಕಿದ್ರಿ?" ಎಂದು ಕೇಳಿದ ಮಲಂಗಸಾಬ, ಕನ್ನಡದಲ್ಲಿ.

ಅವನ ಉರ್ದು ಸತ್ತಿರಲಿಲ್ಲ. ಒಳಗೆ ಎಲ್ಲೋ ಬೀಗ ಹಾಕಿಕೊಂಡು ಕೂತಿತ್ತು, ಕರೆಂಟು ಮುಟ್ಟಿದ ಕ್ಷಣ ಹೊರಗೆ ಇಣುಕಿತ್ತು. ಅವಳ ಕೈ ತಾನಾಗಿ ಮತ್ತೆ ಆ ಜಾಗದ ಕಡೆ ಹೋಯಿತು. "ಖಾತ್ರಿ ಮಾಡ್ಕೊಳ್ಳಾಕ ಇನ್ನೊಮ್ಮೆ" ಎಂದಳು. ನಿಯಮ ಹಾಗೇ ಇತ್ತು. ಆದರೆ ಅವಳ ದನಿಯಲ್ಲಿ ಬೇರೇನೋ ಇತ್ತು.

"ಸಾಕ್ರಿ" ಎಂದಳು ಬಿಸ್ಮಿಲ್ಲಾಬಿ ಪರದೆಯ ಆಚೆಯಿಂದ. "ಅವರನ್ನ ಕುಣಿಸಬ್ಯಾಡ್ರಿ."

ಪುಷ್ಪಾವತಿ ಕೈ ಹಿಂದೆಗೆದಳು. ಉಳಿದ ಗಡ್ಡೆ ಇದ್ದದ್ದು ಸರಿಯಾಗಿ ಆ ಜಾಗದ ಕೆಳಗೆ. ಅದನ್ನು ತೆಗೆದರೆ ಈ ಮಾತು ಬೇರು ಸಮೇತ ಹೋಗುತ್ತದೆ.

"ಇಷ್ಟು ಬಿಟ್ಟು ಮುಚ್ಚೋಣು" ಎಂದಳು. ಅಶ್ಫಾಕ ತಟ್ಟನೆ ಅವಳ ಕಡೆ ನೋಡಿದ. ಆ ಮಾತನ್ನು ಅವಳ ಬಾಯಲ್ಲಿ ಅವನು ಎಂದೂ ಕೇಳಿರಲಿಲ್ಲ.

"ಬಿಟ್ರ ಏನಾಕ್ಕತಿ?" ಬಿಸ್ಮಿಲ್ಲಾಬಿ ಕೇಳಿದಳು.

"ಮತ್ತ ಬೆಳೀತೈತಿ."

"ಅಂದ್ರ ಸಾಯ್ತಾರ."

"ಒಂದಿಷ್ಟು ವರ್ಷ ಸಿಗತಾವು."

"ಆ ವರ್ಷದಾಗ ಈ ಮಾತು ತಾನಾಗಿ ಬರತೈತೇನ್ರಿ?"

ಪುಷ್ಪಾವತಿಗೆ ಹೌದೆನ್ನಬೇಕು ಅನಿಸಿತು. "ಇಲ್ಲ. ಬರೂ ಹಂಗಿದ್ರ ಆರು ವರ್ಷದಾಗ ಬರಬೇಕಾಗಿತ್ತು."

"ಹಿಂಗ ತಲಿ ತಗದು ಕಡ್ಡಿ ಮುಟ್ಟಿಸಿದಾಗಷ್ಟ?"

"ಹೂಂ."

"ಮತ್ತ ಯಾರ ಸಲುವಾಗಿ ಬಿಡ್ತೀರಿ ಇದನ್ನ?" ಬಿಸ್ಮಿಲ್ಲಾಬಿಯ ದನಿ ಏರಲಿಲ್ಲ. "ನಿಮ್ಮ ಸಲುವಾಗೇನು?"

ರಕ್ತ ಹೀರುವ ಮಶೀನು ಬುಸುಗುಡುತ್ತಿತ್ತು. ಪರದೆಯ ಕೆಳಗಿನಿಂದ ಮಲಂಗಸಾಬ ಬಾಯಿ ಹಾಕಿದ.

"ಮಾಲು ನಂದು, ದಲಾಲೀನೂ ನಾನ. ನನ್ನ ಕೇಳದ ನೀವಿಬ್ಬರ ವ್ಯವಹಾರ ಮಾಡಾಕತ್ತೀರಲ್ರಿ. ಏನಾತು ಹೇಳ್ರಿ."

ಪುಷ್ಪಾವತಿ ಹೇಳಿದಳು. ಏನೂ ಮುಚ್ಚಿಡದೆ, ಏನೂ ಮೆತ್ತಗೆ ಮಾಡದೆ. ಮೊದಲ ಸಲ ಕನ್ನಡದಾಗ ಮಾತಾಡ್ರಿ ಅಂದದ್ದನ್ನೂ ಸೇರಿಸಿ ಹೇಳಿದಳು. ಅವನು ಕೇಳಿಸಿಕೊಂಡ. ಕಣ್ಣು ಮಾತ್ರ ಹೆಂಡತಿಯ ಕಡೆ ಹೊರಳಿತು.

"ನಾ ಏನಂದೆ ಅದರಾಗ?"

ಅವಳು ಅದನ್ನು ಅವನ ದನಿಯಲ್ಲೇ ಉರ್ದುವಿನಲ್ಲಿ ಹೇಳಿ ತೋರಿಸಿದಳು.

"ಬೆಕ್ಕು?" ಮಲಂಗಸಾಬನ ಹುಬ್ಬು ಗಂಟಾಯಿತು. "ನಮ್ಮ ಮನ್ಯಾಗ ಬೆಕ್ಕೆಲ್ಲೈತ್ರಿ?"

ಇತ್ತು ಎಂದಳು ಬಿಸ್ಮಿಲ್ಲಾಬಿ, ಉರ್ದುವಿನಲ್ಲಿ. ಮದುವೆಯಾದ ಹೊಸತರಲ್ಲಿ, ಬಾಡಿಗೆ ಮನೆಯಲ್ಲಿದ್ದಾಗ. ಹಾಲಿಗೆ ಬರುತ್ತಿತ್ತು. ನೀವು ಚಾದರದೊಳಗಿಂದ ಏಳದೆಯೇ ನನಗೆ ಹೇಳುತ್ತಿದ್ದಿರಿ.

ಅವನು ನೆನಪು ಮಾಡಿಕೊಳ್ಳಲು ನೋಡಿದ. ಸಿಕ್ಕಿತೋ ಇಲ್ಲವೋ ಅವನ ಮುಖ ಹೇಳಲಿಲ್ಲ. "ತಗೀರಿ ಬಾಯಾರ" ಎಂದ ಕೊನೆಗೆ. "ಒಂದ್ ಬೆಕ್ಕಿನ ಸಲುವಾಗಿ ಸಾಯೂದು ಛಲೋ ಕಾಣಂಗಿಲ್ಲ. ಪ್ಯಾಟಿ ಮಂದಿ ನಗತಾರ."

ಬಿಸ್ಮಿಲ್ಲಾಬಿ ಗೌನಿನ ತೋಳಿನಿಂದ ಅವನ ತುಟಿಯ ಬೆವರು ಒರೆಸಿದಳು. "ತಗೀರಿ" ಎಂದಳು ಅವಳೂ.

ಪುಷ್ಪಾವತಿ ಕೊಯ್ದಳು. ಆ ಉದ್ದಕ್ಕೂ ಮಲಂಗಸಾಬ ಈ ವರ್ಷದ ಮಾಲಿನ ತೇವ, ಶೀತಲಗೃಹದ ಬಾಡಿಗೆ, ಆಂಧ್ರದ ಲಾರಿಗಳ ಸುದ್ದಿ ಹೇಳುತ್ತಲೇ ಇದ್ದ. ಬಿಸ್ಮಿಲ್ಲಾಬಿ ಅವನ ಬಾಯಿಯನ್ನೇ ನೋಡುತ್ತ ಕೂತಿದ್ದಳು. ಕೊನೆಯ ಚೂರು ಬಂತು. ಬೂದು ಬಣ್ಣದ, ಹುಣಸೆ ಬೀಜಕ್ಕಿಂತ ಸಣ್ಣ ಚೂರು. ಅಂಜಲಿ ಅದನ್ನು ಡಬ್ಬಿಗೆ ಹಾಕಿ ಮುಚ್ಚಳ ತಿರುವಿದಳು.

ಹೊರಗೆ ಕೈ ತೊಳೆಯುವಾಗ ಅಶ್ಫಾಕ ಪಕ್ಕದ ನಲ್ಲಿಯ ಹತ್ತಿರ ಬಂದು ನಿಂತ.

"ಇನ್ನ ಮ್ಯಾಲ ಇಂಥಾ ಕೇಸು ಬೆಂಗಳೂರಿಗೆ ಕಳಸೂದೇನ್ರಿ ಮೇಡಂ?"

"ಇಲ್ಲ. ಇಲ್ಲೇ ಮಾಡೂದು. ಮನ್ಯಾಗ ಯಾವ ಮಾತು ಆಡ್ತೀರಿ ಅಂತ ಮದ್ಲ ಕೇಳೂದು. ಆ ಮಾತಿನವರು ಒಬ್ಬರು ಒಳಗ ಕುಂದ್ರಬೇಕು." ನಲ್ಲಿ ಬಂದ್ ಮಾಡಿದಳು. "ಮತ್ತ ನೀ ಸಭ್ಯ ಆಗಿರಬ್ಯಾಡ. ನನಗ ಬಾಯಿ ಮುಚ್ಚು ಅನ್ನಬೇಕು."

ಮರುದಿನ ಬೆಳಿಗ್ಗೆ ಅವಳು ವಾರ್ಡಿಗೆ ಹೋದಳು. ಬಾಗಿಲು ಅರ್ಧ ತೆರೆದಿತ್ತು. ಮಲಂಗಸಾಬ ತಲೆಗೆ ಪಟ್ಟಿ ಸುತ್ತಿಕೊಂಡು ದಿಂಬಿಗೆ ಒರಗಿ ಕೂತಿದ್ದ. ಬಿಸ್ಮಿಲ್ಲಾಬಿ ಥರ್ಮಾಸಿನಿಂದ ಚಹಾ ಸುರಿಯುತ್ತಿದ್ದಳು. ಅವಳು ಏನೆನ್ನುತ್ತಾಳೆಂದು ಕೇಳಲು ಪುಷ್ಪಾವತಿ ಹೊಸ್ತಿಲಲ್ಲೇ ನಿಂತಳು.

"ಚಾ ಕುಡೀರಿ. ಆರಿ ಹೋಗತೈತಿ" ಎಂದಳು ಬಿಸ್ಮಿಲ್ಲಾಬಿ.

ಮಲಂಗಸಾಬ ಕಪ್ಪು ಹಿಡಿದುಕೊಳ್ಳಲು ಮರೆತ. "ಕನ್ನಡ ಆಡಾಕತ್ತೀರಿ?"

"ಹೂಂ. ಗಾಳ ಮ್ಯಾಲೆ ಎಳಕೊಂಡೆ. ಇನ್ನ ನಿಮ್ಮ ಅಂಗಡಿಗೆ ಬಂದೇನಿ ಅಂತ ತಿಳಕೋರಿ."

ಅವನು ಅವಳನ್ನು ದಿಟ್ಟಿಸಿ ನೋಡಿದ. ಆಟವೇ, ಸಿಟ್ಟೇ, ತಿಳಿಯಲು ಅವನಿಗೆ ತುಸು ಹೊತ್ತು ಹಿಡಿಯಿತು. ಆಮೇಲೆ ಬಾಯಿಯ ಅಂಚಿನಲ್ಲಿ ನಗು ಬಂತು. ಪೇಟೆಯಲ್ಲಿ ಹೊಸ ಗಿರಾಕಿ ಬಂದಾಗ ಮಾಡುವ ಹಾಗೆ ಹಾಸಿಗೆಯ ಮೇಲೆ ಸರಿದು ಜಾಗ ಮಾಡಿಕೊಟ್ಟ.

"ಕುಂದ್ರಿ. ಯಾವೂರ್ರಿ ನಿಮ್ಮದು?"

"ಸವಣೂರ್ರಿ. ಕೊಟ್ಟದ್ದು ಬ್ಯಾಡಗಿಗೆ" ಎನ್ನುತ್ತ ಅವಳು ಕೂತಳು.

"ಛಲೋ ಊರು ಸವಣೂರು. ವೀಳ್ಯದೆಲಿ ಭಾಳ ಛಲೋ ಸಿಗತಾವು ಅಲ್ಲೆ." ಕಪ್ಪು ತೆಗೆದುಕೊಂಡು ಒಂದು ಗುಟುಕು ಕುಡಿದ. "ಮನಿಯವರು ಏನ್ ಮಾಡ್ತಾರ್ರಿ?"

ಬಿಸ್ಮಿಲ್ಲಾಬಿ ಥರ್ಮಾಸಿನ ಮುಚ್ಚಳ ಹಾಕಿದಳು. ಅದು ಕೂಡಲೇ ಕೂಡಲಿಲ್ಲ, ಎರಡು ಸಲ ತಿರುಗಿಸಬೇಕಾಯಿತು. "ದಲಾಲಿ ಅಂಗಡಿ ಇತ್ರಿ ಅವರದು" ಎಂದಳು.

ಮಲಂಗಸಾಬನ ನಗು ಹಾಗೇ ಮುಖದ ಮೇಲೆ ಉಳಿಯಿತು, ಎಲ್ಲಿ ಇಡಬೇಕೆಂದು ತಿಳಿಯದೆ.

ಆಗ ಬಿಸ್ಮಿಲ್ಲಾಬಿ ಬಾಗಿಲ ಕಡೆ ತಿರುಗಿ ಪುಷ್ಪಾವತಿಯನ್ನು ಕಂಡಳು. ಎದ್ದು ನಿಂತು, ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಬರ್ರಿ ಬಾಯಾರ" ಎಂದು, ಹಾಸಿಗೆಯಲ್ಲಿದ್ದವನ ಕಡೆ ಕೈ ತೋರಿಸಿದಳು. "ಇವರು ಬ್ಯಾಡಗಿಯವರಂತ್ರಿ. ಈಗ ಪರಿಚಯ ಆತು."